ಚಿಗಾಂಗ್ ಮತ್ತು ಯೋಗ: ಸಾಧನೆಯೆಂದು ಯಾವುದನ್ನು ಹಿಡಿಯುವುದು?

ಹಾಸನದ ನಿವೃತ್ತ ಗ್ರಂಥಪಾಲಕಿ

ಎಲ್ಲರಿಗೂ ನಮಸ್ಕಾರ. ನನಗೆ ಈಗ 61 ವರ್ಷ. ಹಾಸನದಲ್ಲಿ ನಮ್ಮ ಮನೆ. ಕಳೆದ 11 ವರ್ಷಗಳಿಂದ ಯೋಗಾಸನ ಮತ್ತು ಪ್ರಾಣಾಯಾಮವನ್ನು ಬೆಳಗಿನ ಹೊತ್ತು ತಪ್ಪದೆ ಮಾಡಿಕೊಂಡು ಬಂದಿದ್ದೇನೆ. ಎರಡು ವರ್ಷಗಳ ಹಿಂದೆ ಬಲಮಂಡಿಯಲ್ಲಿ ನೋವು ಕಾಣಿಸಿಕೊಂಡು, ಮೊದಲು ವಜ್ರಾಸನ ಕೈಬಿಟ್ಟಿತು, ಆಮೇಲೆ ಪದ್ಮಾಸನವೂ ಹೋಯಿತು. ಈಗ ಸೂರ್ಯನಮಸ್ಕಾರವನ್ನು ಕುರ್ಚಿಯ ಆಸರೆ ಹಿಡಿದು ಮಾಡುವ ಸ್ಥಿತಿಗೆ ಬಂದಿದ್ದೇನೆ.

ನನ್ನ ಮಗ ಚೀನಾದಲ್ಲಿ ವೈದ್ಯಕೀಯ ಓದಿ ಬಂದವನು. ಅಲ್ಲಿ ಹಾಸ್ಟೆಲಿನ ಪಕ್ಕದ ಉದ್ಯಾನದಲ್ಲಿ ಪ್ರತಿದಿನ ಬೆಳಿಗ್ಗೆ ವಯಸ್ಸಾದವರು ಗುಂಪುಗೂಡಿ ನಿಂತು ಮಾಡುತ್ತಿದ್ದ ಚಿಗಾಂಗ್ ಎಂಬ ಮೈಚಲನೆ, ಉಸಿರಿನ ಅಭ್ಯಾಸವನ್ನು ಅವರ ಹಿಂದೆ ನಿಂತೇ ಕಲಿತನಂತೆ. ನನ್ನ ಮಂಡಿಯ ಪಾಡು ನೋಡಿ ಅದರಲ್ಲಿ ಎಂಟು ಚಲನೆಗಳ ಒಂದು ಸರಣಿಯನ್ನು ನನಗೂ ಹೇಳಿಕೊಟ್ಟ. ಬಾದ್ವಾನ್‌ಜಿನ್ ಎಂದು ಅದರ ಹೆಸರು. ಎಂಟು ತುಂಡು ರೇಷ್ಮೆ ಎಂದು ಅರ್ಥವಂತೆ. ಎಲ್ಲವನ್ನೂ ನಿಂತೇ ಮಾಡಬೇಕು. ಕೊನೆಯಲ್ಲಿ ಎರಡೂ ಅಂಗೈಗಳನ್ನು ಹೊಕ್ಕುಳಿನ ಕೆಳಗೆ ಒಂದರ ಮೇಲೊಂದು ಇಟ್ಟುಕೊಂಡು ಸುಮ್ಮನೆ ನಿಲ್ಲುವುದಿದೆ. ಅಲ್ಲಿ ನಿಂತಾಗ, 11 ವರ್ಷಗಳ ಯೋಗಾಭ್ಯಾಸದಲ್ಲಿ ಅಪರೂಪಕ್ಕೆ ಮಾತ್ರ ಸಿಕ್ಕಿದ್ದ ಒಂದು ನೆಮ್ಮದಿ ನನಗೆ ದಿನವೂ ಸಿಗತೊಡಗಿದೆ.

ನನ್ನ ಪ್ರಶ್ನೆ ಆರೋಗ್ಯದ್ದಲ್ಲ. ಆರೋಗ್ಯಕ್ಕೆ ಎರಡೂ ಒಳ್ಳೆಯವೆಂದು ಮಗ ಹೇಳಿದ್ದಾನೆ, ನಾನೂ ಒಪ್ಪಿದ್ದೇನೆ. ಇನ್ನುಳಿದ ಆಯುಷ್ಯದಲ್ಲಿ ಆಧ್ಯಾತ್ಮಿಕ ಸಾಧನೆಯೆಂದು ಒಂದನ್ನು ಗಟ್ಟಿಯಾಗಿ ಹಿಡಿಯಬೇಕೆಂದಿದ್ದೇನೆ. ಹಾಗೆ ಹಿಡಿಯುವುದಾದರೆ ಯಾವುದನ್ನು ಹಿಡಿಯಲಿ? ನಮ್ಮ ಅತ್ತೆಯವರು, "ನಮ್ಮದೇ ಮನೆಯಲ್ಲಿ ಇರುವಾಗ ಊರಾಚೆಯದು ಯಾಕೆ?" ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕುವ ಮನಸ್ಸೂ ನನಗಿಲ್ಲ. ಎರಡನ್ನೂ ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಚಿಕ್ಕಮಗಳೂರಿನ ಯೋಗ ಶಿಕ್ಷಕಿ

ನಮಸ್ಕಾರ ಅಮ್ಮ. ನಾನು 22 ವರ್ಷಗಳಿಂದ ಯೋಗ ಕಲಿಸುತ್ತಿದ್ದೇನೆ, ಆದ್ದರಿಂದ ನನ್ನ ಒಲವು ಯಾವ ಕಡೆಗೆಂದು ಮೊದಲೇ ಹೇಳಿಬಿಡುತ್ತೇನೆ.

ನೀವಿರುವ ಹಾಸನಕ್ಕೂ ಇಂದಿನ ಯೋಗಕ್ಕೂ ಇರುವ ನಂಟು ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಇಂದು ಜಗತ್ತಿನಾದ್ಯಂತ ಅಷ್ಟಾಂಗ ವಿನ್ಯಾಸ ಎಂಬ ಹೆಸರಿನಲ್ಲಿ ಹರಡಿರುವ ಪದ್ಧತಿಯನ್ನು ಬೆಳೆಸಿದ ಕೆ. ಪಟ್ಟಾಭಿ ಜೋಯಿಸರು ಹುಟ್ಟಿದ್ದು 1915ರಲ್ಲಿ, ಹಾಸನದ ಬಳಿಯ ಕೌಶಿಕ ಗ್ರಾಮದಲ್ಲಿ. ಚಿತ್ರದುರ್ಗ ಸೀಮೆಯಿಂದ ಬಂದ ತಿರುಮಲೈ ಕೃಷ್ಣಮಾಚಾರ್ಯರು ಆ ದಿನಗಳಲ್ಲಿ ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿ ದುಡಿಯುತ್ತಿದ್ದರು. 1927ರಲ್ಲಿ ಹಾಸನದ ಜುಬಿಲಿ ಹಾಲ್‌ನಲ್ಲಿ ಅವರು ನೀಡಿದ ಯೋಗ ಪ್ರದರ್ಶನವನ್ನು ಕಂಡ 12 ವರ್ಷದ ಹುಡುಗ ಪಟ್ಟಾಭಿ ಅವರ ಶಿಷ್ಯನಾದ. ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ್ದು ಅದಾದ ಮೇಲೆ, 1933ರಿಂದ.

ಇದನ್ನು ನಮ್ಮೂರಿನ ಅಭಿಮಾನಕ್ಕೆ ಮಾತ್ರ ಹೇಳುತ್ತಿಲ್ಲ. ಆಸನಗಳ ಆ ಚುರುಕಿನ ಪದ್ಧತಿಯನ್ನು ಅರಮನೆಯ ಯೋಗಶಾಲೆಯಲ್ಲಿ ಕಲಿತವರು ಬಹುಪಾಲು ಎಳೆಯ ಹುಡುಗರು. ನಿಮಗೆ ಮಂಡಿನೋವು ಬಂದು ಕೈಬಿಟ್ಟದ್ದು ಯೋಗದ ಆ ಮುಖವನ್ನೇ ಹೊರತು ಯೋಗವನ್ನಲ್ಲ. ಪತಂಜಲಿಯ ಯೋಗಸೂತ್ರಗಳು 195, ಕೆಲವು ಪಾಠಗಳಲ್ಲಿ 196. ಅವುಗಳಲ್ಲಿ ಆಸನವನ್ನು ನೇರವಾಗಿ ಹೇಳುವವು ಮೂರೇ ಮೂರು. ಮೊದಲನೆಯದು ಆಸನವು ಸ್ಥಿರವೂ ಸುಖವೂ ಆಗಿರಬೇಕೆನ್ನುತ್ತದೆ. ಎರಡನೆಯದು ಪ್ರಯತ್ನದ ಬಿಗಿ ಸಡಿಲವಾಗಬೇಕು, ಮನಸ್ಸು ಅನಂತದಲ್ಲಿ ನೆಲೆಸಬೇಕು ಎನ್ನುತ್ತದೆ. ಹಾಗಾದಾಗ ದ್ವಂದ್ವಗಳು ಬಾಧಿಸುವುದಿಲ್ಲ ಎಂಬುದು ಮೂರನೆಯದು. ಪದ್ಮಾಸನದ ಹೆಸರು ಸೂತ್ರದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕುರ್ಚಿಯ ಮೇಲೆ ಬೆನ್ನು ನೆಟ್ಟಗಿಟ್ಟು ಕುಳಿತರೂ ನಿಮ್ಮ ಸಾಧನೆಗೆ ಕೊರತೆಯಾಗುವುದಿಲ್ಲ.

ಯೋಗದಲ್ಲಿ ಯಮ, ನಿಯಮಗಳೆಂಬ ನಡತೆಯ ಕಟ್ಟುಪಾಡುಗಳಿಂದ ಸಮಾಧಿಯವರೆಗೆ ದಾರಿ ಪೂರ್ತಿಯಾಗಿ ಹಾಕಿಕೊಟ್ಟಿದೆ. ಅದನ್ನು ನಮ್ಮ ನುಡಿಯಲ್ಲಿ ವಿವರಿಸಬಲ್ಲವರು ಹತ್ತಿರದಲ್ಲೇ ಸಿಗುತ್ತಾರೆ. ಚಿಗಾಂಗ್‌ಗೆ ಇಲ್ಲಿ ಅಂಥ ಗುರು ಎಲ್ಲಿ ಸಿಗಬೇಕು? ನನ್ನ ಮುಖ್ಯ ಆಕ್ಷೇಪ ಇದೊಂದೇ.

ಕಡೂರಿನ ಓದುಗ

ನಮ್ಮ ಪ್ರಾಣ ಎಂದರೂ ಒಂದೇ, ಚೀನಾದವರ ಚಿ ಎಂದರೂ ಒಂದೇ. ಹೆಸರು ಬೇರೆ, ವಸ್ತು ಒಂದು. ಎರಡನ್ನೂ ಮಾಡಿಕೊಂಡು ಹೋಗಿ ಅಮ್ಮ, ಇಷ್ಟು ಯೋಚನೆ ಬೇಡ ಎಂದು ನನ್ನ ಅನಿಸಿಕೆ.

ಸಕಲೇಶಪುರದ ಬೆಳೆಗಾರ

ಅಮ್ಮನವರಿಗೆ ನಮಸ್ಕಾರ. ತೋಟಕ್ಕೆ ಮರಳುವ ಮುನ್ನ ನಾನು ಸಿಂಗಪುರದಲ್ಲಿ 9 ವರ್ಷ ಕೆಲಸದಲ್ಲಿದ್ದೆ. ಅಲ್ಲಿನ ಸರ್ಕಾರಿ ವಸತಿ ಕಟ್ಟಡಗಳ ನೆಲ ಅಂತಸ್ತನ್ನು ಗೋಡೆಗಳಿಲ್ಲದೆ ಖಾಲಿ ಬಿಟ್ಟಿರುತ್ತಾರೆ. ನಮ್ಮ ಕಟ್ಟಡದ ಆ ಜಾಗದಲ್ಲಿ ಬೆಳಗಿನ 6 ಗಂಟೆಗೆ ಚಿಗಾಂಗ್ ಮಾಡುತ್ತಿದ್ದ ಹಿರಿಯರೊಬ್ಬರು ನನಗೆ ಇದನ್ನು ಕಲಿಸಿದರು. ಊರಿಗೆ ಬಂದು 14 ವರ್ಷವಾಯಿತು. ಮನೆಯ ಮುಂದೆ ಕಾಫಿ ಒಣಗಿಸುವ ಕಣದಲ್ಲಿ ನಿಂತು ದಿನವೂ ಮಾಡುತ್ತೇನೆ; ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಹರಡಿರುವುದರಿಂದ ಅಂಚಿನಲ್ಲಿ ಎರಡಡಿ ಜಾಗ ಬಿಡಿಸಿಕೊಳ್ಳುತ್ತೇನೆ.

ಕಡೂರಿನ ಸಹೋದರರ ಮಾತನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ಚಿ ಎಂಬ ಪದಕ್ಕೆ ಉಸಿರು, ಗಾಳಿ, ಆವಿ, ಜೀವಶಕ್ತಿ ಎಂಬ ಅರ್ಥಗಳಿರುವುದು ನಿಜ, ಪ್ರಾಣಕ್ಕೂ ಅದಕ್ಕೂ ಹೋಲಿಕೆ ಇರುವುದೂ ನಿಜ. ಆದರೆ ಆ ಶಕ್ತಿಯನ್ನು ಏನು ಮಾಡಬೇಕೆಂಬಲ್ಲಿ ದಾರಿಗಳು ಕವಲೊಡೆಯುತ್ತವೆ. ಹಠಯೋಗದಲ್ಲಿ ಪ್ರಾಣವನ್ನು ಬೆನ್ನುಮೂಳೆಯ ನಡುವಿನ ನಾಡಿಯಾದ ಸುಷುಮ್ನೆಯಲ್ಲಿ ಮೇಲೇರಿಸಿ ನಿಲ್ಲಿಸಬೇಕು. ಗಾಳಿ ನಿಂತರೆ ಚಿತ್ತ ನಿಲ್ಲುತ್ತದೆ ಎಂಬುದು ಅಲ್ಲಿನ ಮೂಲ ತಿಳಿವಳಿಕೆ. ಚಿಗಾಂಗ್‌ನಲ್ಲಿ ಚಿ ಎಲ್ಲಿಯೂ ನಿಲ್ಲಬಾರದು. ಬೆನ್ನಿನ ದಾರಿಯಲ್ಲಿ ಮೇಲೆ ಹೋದದ್ದು ಮುಂಭಾಗದ ದಾರಿಯಲ್ಲಿ ಇಳಿದು, ಹೊಕ್ಕುಳಿನ ಕೆಳಗಿರುವ ದಾನ್‌ತ್ಯೆನ್ ಎಂಬ ನೆಲೆಗೆ ಬಂದು ಸೇರಬೇಕು. ನೀವು ಅಭ್ಯಾಸದ ಕೊನೆಗೆ ಅಂಗೈ ಇಟ್ಟುಕೊಳ್ಳುತ್ತೀರಲ್ಲ, ಆ ಜಾಗವೇ ಅದು. ಒಂದರ ದೃಷ್ಟಿ ನಿರೋಧದ, ಅಂದರೆ ತಡೆದು ನಿಲ್ಲಿಸುವುದರ ಕಡೆಗೆ, ಇನ್ನೊಂದರದು ಹರಿವಿನ ಕಡೆಗೆ. ಇದನ್ನು ಮರೆತು ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಮಾಡುತ್ತಾ ಹೋದರೆ ಮೈಗೆ ಎರಡು ಬಗೆಯ ಆಜ್ಞೆ ಕೊಟ್ಟಂತಾಗುತ್ತದೆ.

ಚಿಗಾಂಗ್‌ಗೆ ಆಧ್ಯಾತ್ಮಿಕ ನೆಲೆ ಇಲ್ಲವೆಂದು ಯಾರೂ ತಿಳಿಯಬಾರದು. ಆ ಹೆಸರು ಈ ಅರ್ಥದಲ್ಲಿ ಬಳಕೆಗೆ ಬಂದದ್ದು 1950ರ ದಶಕದಲ್ಲಿ, ಲ್ಯೂ ಗುಯಿಜೆನ್ ಅವರು ಈ ಅಭ್ಯಾಸಗಳನ್ನು ಚಿಕಿತ್ಸಾಲಯದೊಳಗೆ ತಂದಾಗ. ಆದರೆ ಅಭ್ಯಾಸ ಬಹಳ ಹಳೆಯದು. ಚಾಂಗ್ಶಾ ನಗರದ ಹತ್ತಿರ ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ, 44 ಜನ ಬೇರೆಬೇರೆ ಭಂಗಿಗಳಲ್ಲಿರುವ ರೇಷ್ಮೆಯ ಚಿತ್ರಪಟ ದೊರೆಯಿತು. ಗಂಡಸರು, ಹೆಂಗಸರು, ವಯಸ್ಸಾದವರು ಎಲ್ಲರೂ ಅದರಲ್ಲಿದ್ದಾರೆ. ಚೀನಾದ ದಾವೋ ಪಂಥದ ಸಾಧಕರು ಇದೇ ಅಭ್ಯಾಸದ ಒಳಗಿನ ಕ್ರಮವನ್ನು ಮೂರು ಮೆಟ್ಟಿಲಾಗಿ ಹೇಳುತ್ತಾರೆ: ದೇಹದ ಸಾರವನ್ನು ಚಿ ಆಗಿ ಪಕ್ವಗೊಳಿಸುವುದು, ಚಿಯನ್ನು ಚೈತನ್ಯವಾಗಿ ಪಕ್ವಗೊಳಿಸುವುದು, ಆ ಚೈತನ್ಯವನ್ನು ಶೂನ್ಯಕ್ಕೆ ಮರಳಿಸುವುದು.

ಶೂನ್ಯ ಎಂಬ ಮಾತಿಗೆ ನಮ್ಮ ನಾಡಿನವರು ಬೆಚ್ಚಬೇಕಾಗಿಲ್ಲ. ಅಲ್ಲಮನ ನಾಡು ಇದು.

ಚಿಕ್ಕಮಗಳೂರಿನ ಯೋಗ ಶಿಕ್ಷಕಿ

ಬೆಳೆಗಾರ ಸರ್, ನಿರೋಧ ಮತ್ತು ಹರಿವು ಎಂದು ನೀವು ಬೇರ್ಪಡಿಸಿ ತೋರಿಸಿದ್ದು ನನಗೆ ಉಪಕಾರವಾಯಿತು. ಆದರೆ ಒಂದು ತಿದ್ದುಪಡಿ. ಯೋಗವೆಂದರೆ ಹಠಯೋಗವಷ್ಟೇ ಅಲ್ಲ. ಪತಂಜಲಿ ಹೇಳುವ ನಿರೋಧ ಚಿತ್ತವೃತ್ತಿಗಳದ್ದು, ಅಂದರೆ ಮನಸ್ಸಿನ ಅಲೆಗಳದ್ದು. ಉಸಿರನ್ನು ಬಿಗಿಹಿಡಿಯುವುದೇ ಗುರಿಯೆಂದು ತಿಳಿದು ಎಷ್ಟೋ ಜನ ಮೈ ಕೆಡಿಸಿಕೊಂಡಿದ್ದಾರೆ. ತಮಗೆ ಇಷ್ಟವಾದುದನ್ನು ಧ್ಯಾನಿಸಿಯೂ ಚಿತ್ತವನ್ನು ನಿಲ್ಲಿಸಬಹುದು ಎಂದು ಅದೇ ಪತಂಜಲಿ ಸೂತ್ರಗಳ ಮೊದಲ ಅಧ್ಯಾಯದಲ್ಲಿ ಬಾಗಿಲು ತೆರೆದಿಟ್ಟಿದ್ದಾರೆ.

ಇನ್ನೊಂದು ಮಾತನ್ನು ನಿಮ್ಮಿಂದ ತಿಳಿಯಬಯಸುತ್ತೇನೆ. ಉದ್ಯಾನಗಳಲ್ಲಿ ಚಿಗಾಂಗ್ ಮಾಡುವ ಲಕ್ಷಾಂತರ ಜನ ಶೂನ್ಯಕ್ಕೆ ಮರಳಲೆಂದು ಮಾಡುತ್ತಾರೆಯೇ? ಬಹುಮಂದಿ ರಕ್ತದೊತ್ತಡ ಇಳಿಯಲಿ, ನಿದ್ದೆ ಬರಲಿ ಎಂದು ತಾನೇ ಮಾಡುವುದು?

ಸಕಲೇಶಪುರದ ಬೆಳೆಗಾರ

ಮೇಡಂ, ನಿಮ್ಮ ಮಾತು ಸರಿ. ಚಿಕ್ಕಮಗಳೂರಿನ ರತ್ನಗಿರಿ ಬೋರೆಯಲ್ಲೋ ಹಾಸನದ ಮಹಾರಾಜ ಪಾರ್ಕಿನಲ್ಲೋ ಬೆಳಿಗ್ಗೆ ಯೋಗ ಮಾಡುವವರೂ ಬಹುಪಾಲು ಸಕ್ಕರೆ, ಬೊಜ್ಜು ಎಂದೇ ಬಂದವರು; ಅದು ತಪ್ಪೂ ಅಲ್ಲ. ಈ ಪ್ರಶ್ನೆಯನ್ನು ಚೀನಾದವರೇ ಎರಡು ಸಾವಿರ ವರ್ಷಗಳ ಹಿಂದೆ ಕೇಳಿಕೊಂಡಿದ್ದಾರೆ. ಜುವಾಂಗ್‌ಜಿಯ ಹೆಸರಿನಲ್ಲಿರುವ ಪ್ರಾಚೀನ ದಾವೋ ಗ್ರಂಥದಲ್ಲಿ, ಹಳೆಯ ಉಸಿರನ್ನು ಹೊರಹಾಕಿ ಹೊಸದನ್ನು ಒಳಗೆಳೆದುಕೊಳ್ಳುತ್ತಾ, ಕರಡಿಯಂತೆ ಜೋತು ಹಕ್ಕಿಯಂತೆ ಮೈಚಾಚುವವರ ಪ್ರಸ್ತಾಪ ಬರುತ್ತದೆ. ಅವರು ಬಯಸುವುದು ದೀರ್ಘಾಯುಷ್ಯವನ್ನು ಮಾತ್ರ, ಮೈ ಚಾಚದೆಯೂ ಆಯುಷ್ಯ ಪಡೆಯುವವನು ಅವರಿಗಿಂತ ಮೇಲಿನವನು ಎಂಬುದು ಆ ಗ್ರಂಥದ ನಿಲುವು. ಅಂದರೆ ಚಲನೆಗಳು ತಾವಾಗಿಯೇ ಯಾರನ್ನೂ ದಾಟಿಸುವುದಿಲ್ಲವೆಂಬ ಎಚ್ಚರಿಕೆ ಆ ಪರಂಪರೆಯ ಒಳಗೇ ಇದೆ. ನಿಮ್ಮ ಸೂತ್ರಗಳಲ್ಲಿಯೂ ಸಿದ್ಧಿಗಳೆಂಬ ಅಲೌಕಿಕ ಶಕ್ತಿಗಳು ಸಮಾಧಿಗೆ ಅಡ್ಡಿ ಎಂದು ಹೇಳಿದೆಯಲ್ಲವೇ, ಅದೇ ಬಗೆಯ ಎಚ್ಚರಿಕೆ ಇದು.

ಮೈ, ಉಸಿರು, ಮನಸ್ಸು ಎಂಬ ಮೂರನ್ನು ಹದಗೊಳಿಸುವುದು ಚಿಗಾಂಗ್. ಮೂರನೆಯದನ್ನು ಬಿಟ್ಟರೆ ಅದು ಕೈಕಾಲಾಡಿಸುವ ವ್ಯಾಯಾಮ. ನನಗೆ ಕಲಿಸಿದ ಹಿರಿಯರು ಮೊದಲ ಆರು ತಿಂಗಳು ನನ್ನನ್ನು ಸುಮ್ಮನೆ ನಿಲ್ಲಿಸಿದರು. ಮರವನ್ನು ತಬ್ಬಿದಂತೆ ಎರಡೂ ಕೈಗಳನ್ನು ಎದೆಯ ಮುಂದೆ ದುಂಡಗೆ ಹಿಡಿದು, ಮಂಡಿಯನ್ನು ತುಸುವೇ ಸಡಿಲಿಸಿ, ಕಂಬದಂತೆ ನಿಲ್ಲುವುದು. ಮೊದಲ ವಾರ ಐದು ನಿಮಿಷಕ್ಕೇ ಭುಜ ಉರಿಯುತ್ತಿತ್ತು. ಉರಿ ಬಂದಾಗ ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಅವರು ಬಂದು ಹೆಬ್ಬೆರಳಿನಿಂದ ನನ್ನ ದವಡೆ ಮುಟ್ಟಿ, "ಇಲ್ಲಿ ಬಿಡು" ಎನ್ನುತ್ತಿದ್ದರು. ದವಡೆ ಬಿಟ್ಟರೆ ಭುಜ ತಾನೇ ಇಳಿಯುತ್ತಿತ್ತು. ಮಾಡಬಲ್ಲದ್ದರ ಹತ್ತರಲ್ಲಿ ಏಳು ಪಾಲು ಮಾತ್ರ ಮಾಡು, ಮೂರು ಪಾಲು ಉಳಿಸು ಎಂಬುದು ಅವರ ಪಾಠ. ನನಗೆ ಅಧ್ಯಾತ್ಮ ಶುರುವಾದದ್ದು ಆ ದವಡೆಯಿಂದಲೇ.

ಚನ್ನರಾಯಪಟ್ಟಣದ ನಿವೃತ್ತ ಉಪಾಧ್ಯಾಯ

ಈ ಚರ್ಚೆಯನ್ನು ಮೊದಲಿನಿಂದಲೂ ಓದುತ್ತಿದ್ದೇನೆ. ಕಂಬದಂತೆ ನಿಲ್ಲುವುದರ ಬಗ್ಗೆ ಬೆಳೆಗಾರರು ಬರೆದದ್ದನ್ನು ಓದಿದ ಮೇಲೆ ಬರೆಯದಿರಲಾಗಲಿಲ್ಲ. ನಿಂತು ಮಾಡುವ ಸಾಧನೆ ಊರಾಚೆಯದೆಂದು ಅಮ್ಮನವರ ಅತ್ತೆ ತಿಳಿದಿದ್ದಾರೆ. ಅವರನ್ನು ಒಮ್ಮೆ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿ.

ವಿಂಧ್ಯಗಿರಿಯ ಮೇಲೆ ಚಾವುಂಡರಾಯ 981ರಲ್ಲಿ ನಿಲ್ಲಿಸಿದ 58 ಅಡಿಯ ಗೊಮ್ಮಟ ನಿಂತಿರುವುದು ಕಾಯೋತ್ಸರ್ಗವೆಂಬ ಜೈನ ಧ್ಯಾನದ ನಿಲುವಿನಲ್ಲಿ. ಕಾಲುಗಳ ಬಳಿ ಹುತ್ತ, ತೊಡೆ ತೋಳುಗಳನ್ನು ಹಬ್ಬಿದ ಬಳ್ಳಿ. ಆದರೂ ಆ ಮೈಯಲ್ಲಿ ಬಿಗುವಿಲ್ಲ. ಪಾದದ ಬಳಿ ನಿಂತು ಕತ್ತೆತ್ತಿ ನೋಡಿದರೆ, ಕೈಗಳು ತೊಡೆಗೆ ಅಂಟದೆ ಹಗುರವಾಗಿ ಇಳಿಬಿದ್ದಿರುವುದು ಕಾಣುತ್ತದೆ. ನಾನು ಶಾಲಾ ಮಕ್ಕಳನ್ನು ಪ್ರತಿವರ್ಷ ಕರೆದೊಯ್ಯುತ್ತಿದ್ದೆ, ಬೆಟ್ಟ ಹತ್ತಿ ಏದುಸಿರು ಬಿಡುತ್ತಿದ್ದ ಮಕ್ಕಳು ಆ ಪಾದಗಳ ಬಳಿ ತಾವಾಗಿಯೇ ಮೌನವಾಗುತ್ತಿದ್ದರು.

ಹಾಗೆಂದು ಕಾಯೋತ್ಸರ್ಗವೂ ಚಿಗಾಂಗ್‌ನ ನಿಲುವೂ ಒಂದೇ ಎನ್ನಲಾರೆ. ಕಾಯೋತ್ಸರ್ಗವೆಂದರೆ ಕಾಯದ ಮೇಲಿನ ಮಮಕಾರವನ್ನು ತೊರೆಯುವುದು. ಬೆಳೆಗಾರರು ಹೇಳುವ ನಿಲುವಿನಲ್ಲಿ ಕಾಯವನ್ನು ಪೋಷಿಸಿ ಅದರೊಳಗೆ ಶಕ್ತಿಯನ್ನು ತುಂಬಿಕೊಳ್ಳುವುದು. ಹೊರಗಿನಿಂದ ನೋಡುವವರಿಗೆ ಎರಡೂ ಒಬ್ಬ ಮನುಷ್ಯ ಸುಮ್ಮನೆ ನಿಂತಂತೆ ಕಾಣುತ್ತವೆ. ಒಳಗೆ ನಡೆಯುವುದು ಬೇರೆ. ಇನ್ನೂ ಒಂದು ಸೂಕ್ಷ್ಮವಿದೆ. ಬಾಹುಬಲಿ ಒಂದು ವರ್ಷ ಅಲುಗದೆ ನಿಂತರೂ ಕೇವಲಜ್ಞಾನ, ಅಂದರೆ ಪೂರ್ಣ ಅರಿವು ಆಗಲಿಲ್ಲ, ಅಣ್ಣ ಭರತನ ಕುರಿತಾದ ಒಂದು ಶಲ್ಯ, ಮುಳ್ಳಿನಂಥ ಕೊರಗು, ಮನಸ್ಸಿನ ಮೂಲೆಯಲ್ಲಿ ಉಳಿದಿತ್ತು, ಭರತನೇ ಬಂದು ನಮಿಸಿದಾಗ ಅದು ಕರಗಿತು ಎಂಬ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಅಮ್ಮನವರು ಯಾವ ಭಂಗಿ ಎಂದು ಕೇಳುವ ಮೊದಲು, ಭಂಗಿ ನಿಂತ ಮೇಲೆ ತಮ್ಮ ಮನಸ್ಸಿನಲ್ಲಿ ಏನು ಉಳಿದಿರುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದೆಂದು ನನಗನಿಸುತ್ತದೆ.

ಹಾಸನದ ನಿವೃತ್ತ ಗ್ರಂಥಪಾಲಕಿ

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ಮೇಷ್ಟ್ರ ಕೊನೆಯ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಯೋಚಿಸಿ ನೋಡಿದರೆ, 11 ವರ್ಷ ನಾನು ಆಸನ ಮುಗಿಸಿ, ಶವಾಸನದಲ್ಲಿ ಐದು ನಿಮಿಷ ಮಲಗಿ, ಎದ್ದವಳೇ ಒಲೆ ಹಚ್ಚಲು ಓಡುತ್ತಿದ್ದೆ. ಶವಾಸನದಲ್ಲಿಯೂ ತಿಂಡಿಗೆ ಏನು ಮಾಡಲಿ ಎಂದೇ ಯೋಚಿಸುತ್ತಿದ್ದೆ. ಕುಳಿತು ಧ್ಯಾನ ಮಾಡಿದ ದಿನಗಳನ್ನು ಎಣಿಸಬಹುದು. ಹಾಗಿರುವಾಗ, ಯೋಗದಲ್ಲಿ ಸಿಗದ ನೆಮ್ಮದಿ ಚಿಗಾಂಗ್‌ನಲ್ಲಿ ಸಿಕ್ಕಿತು ಎಂದು ನಾನು ಬರೆದದ್ದು ಯೋಗಕ್ಕೆ ಮಾಡಿದ ಅನ್ಯಾಯವಾಯಿತು.

ಇನ್ನೊಂದು ವಿಷಯವನ್ನು ಮೊದಲೇ ಹೇಳಬೇಕಾಗಿತ್ತು. ನಾಲ್ಕು ತಿಂಗಳ ಹಿಂದೆ ಗೆಳತಿಯೊಬ್ಬರ ಒತ್ತಾಯಕ್ಕೆ ಮಲೆನಾಡಿನ ಒಂದು ರೆಸಾರ್ಟಿನಲ್ಲಿ ನಡೆದ ಎರಡು ದಿನಗಳ ಶಿಬಿರಕ್ಕೆ ಹೋಗಿದ್ದೆ. ಪ್ರಾಣವನ್ನೂ ಚಿಯನ್ನೂ ಒಟ್ಟಿಗೆ ಜಾಗೃತಗೊಳಿಸುತ್ತೇವೆ ಎಂದು ಹೇಳಿದರು. ಉಸಿರನ್ನು ಒಳಗೆ ಹಿಡಿದು, ಹೊಟ್ಟೆ ಒಳಗೆಳೆದು, ನಡುನೆತ್ತಿಯ ಮೇಲೆ ಮನಸ್ಸಿಡಿ ಎಂದರು. ಎರಡನೆಯ ದಿನ ಮಧ್ಯಾಹ್ನ ನನಗೆ ತಲೆ ಸುತ್ತಿತು; ಅದು ಶಕ್ತಿ ಏರುತ್ತಿರುವ ಗುರುತು, ಮುಂದುವರಿಸಿ ಎಂದರು. ಮನೆಗೆ ಬಂದ ಮೇಲೆ ಮೂರು ರಾತ್ರಿ ನಿದ್ದೆ ಬರದೆ, ಎದೆ ಡವಡವ ಎನ್ನುತ್ತಿತ್ತು. ಮಗನಿಗೂ ಹೇಳಿಕೊಳ್ಳಲು ಸಂಕೋಚವಾಗಿ ಸುಮ್ಮನಿದ್ದೆ. ಇದು ಏನೆಂದು ಯಾರಾದರೂ ಹೇಳಬಲ್ಲಿರಾ?

ಬೇಲೂರಿನ ವೈದ್ಯೆ

ಅಮ್ಮ, ಮೊದಲು ಮಗನಿಗೆ ಹೇಳಿ, ರಕ್ತದೊತ್ತಡ ಮತ್ತು ಇಸಿಜಿ ಮಾಡಿಸಿಕೊಳ್ಳಿ. ನಿಮ್ಮ ವಯಸ್ಸಿನಲ್ಲಿ ಎದೆಬಡಿತವನ್ನು ಶಕ್ತಿಯ ಗುರುತೆಂದು ಬಿಟ್ಟುಬಿಡಬಾರದು.

ಉಸಿರನ್ನು ಬಲವಂತವಾಗಿ ಹಿಡಿದು ಹೊಟ್ಟೆ ಬಿಗಿಯುವಾಗ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಬಿಟ್ಟಾಗ ರಕ್ತದೊತ್ತಡ ಒಮ್ಮೆಲೇ ಏರಿಳಿಯುತ್ತದೆ. ತೀರ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು, ತಲೆ ಹಗುರಾಗಿ, ಬೆರಳು ಜುಮ್ಮೆನ್ನುತ್ತವೆ. ಇದು ದೇಹದ ಸಾಮಾನ್ಯ ವರ್ತನೆ, ಅದಕ್ಕೆ ಅಲೌಕಿಕ ಕಾರಣ ಬೇಕಿಲ್ಲ. ನಿದ್ದೆ ಕೆಟ್ಟದ್ದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ತಪ್ಪಾದ ಅಥವಾ ಅತಿಯಾದ ಅಭ್ಯಾಸದಿಂದ ಮನಸ್ಸು ಕದಡುವುದನ್ನು ಚೀನಾದವರು "ಬೆಂಕಿ ದಾರಿತಪ್ಪಿ ಭೂತ ಹೊಕ್ಕಿತು" ಎಂಬ ಅರ್ಥದ ಮಾತಿನಿಂದ ಹಿಂದಿನಿಂದಲೂ ಗುರುತಿಸಿದ್ದಾರೆ. 1994ರಲ್ಲಿ ಬಂದ ಅಮೆರಿಕದ ಮನೋರೋಗಗಳ ಕೈಪಿಡಿಯ ನಾಲ್ಕನೆಯ ಆವೃತ್ತಿಯಲ್ಲಿಯೂ ಚಿಗಾಂಗ್‌ನಿಂದ ಉಂಟಾಗುವ ಮನೋವಿಕಾರ ಒಂದು ನಮೂದಾಗಿತ್ತು. ನಮ್ಮ ಹಠಯೋಗದ ಗ್ರಂಥಗಳೂ ಪ್ರಾಣವನ್ನು ಸಿಂಹ, ಆನೆ, ಹುಲಿಗಳಂತೆ ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಸಾಧಕನನ್ನೇ ಕೊಲ್ಲುತ್ತದೆ ಎಂದು ಎಚ್ಚರಿಸುತ್ತವೆ. ಎರಡು ದಿನದಲ್ಲಿ ಹುಲಿ ಪಳಗುವುದಿಲ್ಲ.

ಮಂಡಿಗೆ ಸಂಬಂಧಿಸಿ ಒಂದೇ ಸೂಚನೆ: ಚಿಗಾಂಗ್‌ನಲ್ಲಿ ಮಂಡಿ ಬಾಗಿಸುವಾಗ ಅದು ಕಾಲ್ಬೆರಳಿನ ದಿಕ್ಕಿಗೇ ಇರಲಿ, ಬೆರಳನ್ನು ದಾಟಿ ಮುಂದೆ ಹೋಗುವುದು ಬೇಡ. ಬಿಲ್ಲೆಳೆಯುವ ಚಲನೆಯಲ್ಲಿ ಕುದುರೆ ಸವಾರಿಯ ನಿಲುವಿಗೆ ತೀರ ತಗ್ಗಬೇಕಾಗಿಲ್ಲ.

ಕಡೂರಿನ ಓದುಗ

ಅಮ್ಮ, ಎರಡನ್ನೂ ಮಾಡಿಕೊಂಡು ಹೋಗಿ ಎಂದು ಮೇಲೆ ಹಗುರವಾಗಿ ಬರೆದಿದ್ದೆ. ಶಿಬಿರದ ಸಂಗತಿ ಓದಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಕ್ಷಮಿಸಿ.

ಸಕಲೇಶಪುರದ ಬೆಳೆಗಾರ

ಅಮ್ಮ, ಆ ಶಿಬಿರದಲ್ಲಿ ಆದದ್ದು ಓದಿ ಬಹಳ ಬೇಸರವಾಯಿತು. ಬಾದ್ವಾನ್‌ಜಿನ್‌ನಲ್ಲಿ ನಾನು ಕಲಿತಂತೆ ಉಸಿರು ಹಿಡಿಯುವ ಪಾಠವೇ ಇಲ್ಲ. ಕೈ ಮೇಲೇಳುವಾಗ ಉಸಿರು ತಾನಾಗಿ ಒಳಗೆ ಬರುತ್ತದೆ, ಕೈ ಇಳಿಯುವಾಗ ಹೊರಗೆ ಹೋಗುತ್ತದೆ. ತಾಳ ತಪ್ಪಿದರೆ ಚಲನೆಯನ್ನು ಬಿಟ್ಟು ಉಸಿರನ್ನೇ ಹಿಂಬಾಲಿಸಬೇಕು. ಮನಸ್ಸನ್ನು ನೆತ್ತಿಯ ಮೇಲೆ ಇಡುವುದನ್ನು ಹೊಸಬರಿಗೆ ನನ್ನ ಗುರುಗಳು ಕಲಿಸುತ್ತಲೇ ಇರಲಿಲ್ಲ. ಕೆಳಗೆ, ಹೊಕ್ಕುಳ ಬುಡಕ್ಕೆ, ಅಥವಾ ಅಂಗಾಲಿಗೆ ಎನ್ನುತ್ತಿದ್ದರು. ಎಂಟನೆಯ ಚಲನೆಯಲ್ಲಿ ಹಿಮ್ಮಡಿಯನ್ನು ಎತ್ತಿ ಏಳು ಸಲ ನೆಲಕ್ಕೆ ಬಿಡುತ್ತೀರಲ್ಲ, ಮೇಲೆ ಹೋದದ್ದೆಲ್ಲ ಇಳಿಯಲೆಂದೇ ಅದನ್ನು ಕೊನೆಗೆ ಇಟ್ಟಿರುವುದು ಎಂದೂ ಹೇಳುತ್ತಿದ್ದರು. ನಿಮಗೆ ಆ ಶಿಬಿರದಲ್ಲಿ ಏರಿಸುವುದನ್ನು ಕಲಿಸಿದರು, ಇಳಿಸುವುದನ್ನು ಕಲಿಸಲಿಲ್ಲ.

ಚಿಕ್ಕಮಗಳೂರಿನ ಯೋಗ ಶಿಕ್ಷಕಿ

ಉಸಿರು ಹಿಡಿಯುವ ಕುಂಭಕವನ್ನೂ ಮೈ ಬಿಗಿಯುವ ಬಂಧಗಳನ್ನೂ ಎರಡು ದಿನದ ಶಿಬಿರದಲ್ಲಿ ಹೊಸಬರಿಗೆ ಹೇಳಿಕೊಡುವುದು ಯೋಗವೂ ಅಲ್ಲ, ಅಮ್ಮ. ನಾನು ಮೂರು ವರ್ಷ ನಾಡೀಶೋಧನ (ಒಂದೊಂದು ಮೂಗಿನ ಹೊಳ್ಳೆಯಿಂದ ಸರದಿಯಾಗಿ ಉಸಿರಾಡುವುದು) ಮಾಡಿಸದೆ ಯಾರಿಗೂ ಕುಂಭಕ ಹೇಳುವುದಿಲ್ಲ.

ಇಷ್ಟು ಚರ್ಚೆಯಾದ ಮೇಲೆ ನನ್ನ ಮೊದಲ ಬರಹವನ್ನು ಸ್ವಲ್ಪ ಬದಲಿಸುತ್ತೇನೆ. ನಿಮಗೆ ಮಂಡಿ ಒಪ್ಪುವ, ಪ್ರಯತ್ನದ ಬಿಗಿ ಸಡಿಲವಾಗುವ ಒಂದು ಅಭ್ಯಾಸ ಸಿಕ್ಕಿದೆ. ಸ್ಥಿರವೂ ಸುಖವೂ ಆದದ್ದು ಆಸನವೆಂದಾದರೆ, ನಿಮ್ಮ ಮಟ್ಟಿಗೆ ಬಾದ್ವಾನ್‌ಜಿನ್ ಆಸನದ ಕೆಲಸವನ್ನು ಮಾಡುತ್ತಿದೆ. ಅದನ್ನು ಬಿಡಬೇಡಿ. ಅದು ಮುಗಿದು ಕೈ ಹೊಟ್ಟೆಯ ಮೇಲಿರುವಾಗ ಬರುವ ನೆಮ್ಮದಿಯನ್ನು ಒಡೆಯದೆ, ಹಾಗೆಯೇ ಕುರ್ಚಿಯ ಮೇಲೆ ಕುಳಿತು, ನಿಮಗೆ ಇಷ್ಟವಾದ ನಾಮವನ್ನೋ ಉಸಿರನ್ನೋ ಹಿಡಿದು 20 ನಿಮಿಷ ಇರಿ. ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸ ಮಾತ್ರ ನೆಲೆ ನಿಲ್ಲುತ್ತದೆ ಎನ್ನುತ್ತಾರೆ ಪತಂಜಲಿ. 11 ವರ್ಷ ಎಡೆಬಿಡದೆ ಮಾಡಿದವರು ನೀವು. ಆ ಹಟ ಎಷ್ಟು ಜನರಲ್ಲಿದೆ?

ಸಕಲೇಶಪುರದ ಬೆಳೆಗಾರ

ಮೇಡಂ ಹೇಳಿದ್ದಕ್ಕೆ ನನ್ನ ಒಂದು ಸಣ್ಣ ತಕರಾರಿದೆ. ಚಿಗಾಂಗನ್ನು ಧ್ಯಾನಕ್ಕೆ ಮುಂಚಿನ ಸಿದ್ಧತೆಯೆಂದು ಮಾತ್ರ ಇಟ್ಟುಕೊಂಡರೆ, ಚಲಿಸುತ್ತಿರುವಾಗಲೇ ಮನಸ್ಸು ನಿಶ್ಚಲವಾಗಿರುವುದೆಂಬ ಅದರ ತಿರುಳು ತಪ್ಪಿಹೋಗುತ್ತದೆ. ಕೈ ಎತ್ತುವಾಗ, ಆಮೇಲೆ ಕುಳಿತು ಧ್ಯಾನ ಮಾಡುತ್ತೇನೆ ಎಂದುಕೊಂಡರೆ ಆ ಕೈ ಎತ್ತಿದ್ದು ವ್ಯರ್ಥ. ಇದನ್ನೊಂದು ನೆನಪಿಟ್ಟರೆ, ಉಳಿದಂತೆ ಮೇಡಂ ಹೇಳಿದ ಕ್ರಮವನ್ನು ನಾನೂ ಒಪ್ಪುತ್ತೇನೆ. ಉಸಿರಿನ ಪಾಠ ಮಾತ್ರ ಒಂದೇ ಕಡೆಯದಿರಲಿ. ಎರಡು ಕಡೆಯ ಉಸಿರನ್ನು ಬೆರೆಸಬೇಡಿ.

ಹಾಸನದ ನಿವೃತ್ತ ಗ್ರಂಥಪಾಲಕಿ

ಮಗನಿಗೆ ಎಲ್ಲವನ್ನೂ ಹೇಳಿದೆ. ಬೈದ, ಆಮೇಲೆ ಇಸಿಜಿ ಮಾಡಿಸಿದ. ಅದರಲ್ಲಿ ತೊಂದರೆ ಕಾಣಲಿಲ್ಲ.

ನಾನು ಮಾಡಿಕೊಂಡ ನಿರ್ಧಾರ ಇದು. ಸಾಧನೆಯೆಂದು ಯೋಗವನ್ನೇ ಹಿಡಿಯುತ್ತೇನೆ. ಕಾರಣ, ಯಮ ನಿಯಮಗಳ ಮಾತು ಬಂದಾಗ ಅದು ನನ್ನ ಮನೆಯ ಮಾತಿನಂತೆ ಕೇಳುತ್ತದೆ, ಸಂತೋಷ, ಸ್ವಾಧ್ಯಾಯ ಎಂಬ ಪದಗಳನ್ನು ನಾನು ಯಾರನ್ನೂ ಕೇಳಿ ತಿಳಿಯಬೇಕಾಗಿಲ್ಲ. ದಾವೋ ಪಂಥದ ಮೂರು ಮೆಟ್ಟಿಲುಗಳನ್ನು ಬೆಳೆಗಾರ ಸರ್ ಎಷ್ಟು ಚೆನ್ನಾಗಿ ವಿವರಿಸಿದರೂ, ದಾರಿಯಲ್ಲಿ ಸಂಶಯ ಬಂದಾಗ ನನ್ನ ಕೈ ಹಿಡಿಯುವವರು ಇಲ್ಲಿ ಯಾರೂ ಇಲ್ಲ. ಆದರೆ ಆಸನದ ಸ್ಥಾನದಲ್ಲಿ ಬಾದ್ವಾನ್‌ಜಿನ್ ಇರುತ್ತದೆ, ಅದರ ಉಸಿರಿನ ಕ್ರಮವೇ ಇರುತ್ತದೆ, ಪ್ರಾಣಾಯಾಮವನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಕೈ ಎತ್ತುವಾಗ ಕೈ ಎತ್ತುವುದಷ್ಟೇ ಇರಲಿ ಎಂಬ ಸರ್ ಅವರ ಮಾತನ್ನು ನೆನಪಿಟ್ಟಿದ್ದೇನೆ.

ಇಂದು ಬೆಳಿಗ್ಗೆ ಹಾಗೆಯೇ ಮಾಡಿದೆ. ನಾಲ್ಕನೆಯ ಚಲನೆಯಲ್ಲಿ ಗೂಬೆಯಂತೆ ಕತ್ತು ತಿರುಗಿಸಿ ಹಿಂದೆ ನೋಡುವಾಗ ತಿಂಡಿಯ ಯೋಚನೆ ಬಂತು, ಹೋಯಿತು. ಆಮೇಲೆ 20 ನಿಮಿಷ ಕುರ್ಚಿಯಲ್ಲಿ ಕುಳಿತೆ. ಹತ್ತು ನಿಮಿಷದ ಮೇಲೆ ಎದ್ದುಬಿಡಬೇಕೆನಿಸಿತು, ಏಳಲಿಲ್ಲ.

ಬೆಳೆಗಾರ ಸರ್‌ಗೆ ಒಂದೇ ಪ್ರಶ್ನೆ ಉಳಿದಿದೆ. ನಾನು ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲುತ್ತೇನೆ. ಮಳೆಗಾಲದಲ್ಲಿ ಏನು ಮಾಡುವುದು? ಮನೆಯೊಳಗಿನ ಸಿಮೆಂಟ್ ನೆಲ ಆಗ ಬಹಳ ತಣ್ಣಗಿರುತ್ತದೆ.

ಸಕಲೇಶಪುರದ ಬೆಳೆಗಾರ

ತಣ್ಣನೆಯ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ ಅಮ್ಮ, ಮಂಡಿಗೂ ಒಳ್ಳೆಯದಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಣಕ್ಕೆ ಇಳಿಯುವ ಹಾಗೇ ಇಲ್ಲ. ನಾನು ಜಗುಲಿಯಲ್ಲಿ ಹಳೆಯ ಹಲಗೆಯೊಂದನ್ನು ಹಾಕಿ, ಅದರ ಮೇಲೆ ಗೋಣಿತಾಟು ಹಾಸಿ ನಿಲ್ಲುತ್ತೇನೆ. ಹಲಗೆ ಅಲುಗದಂತೆ ನೋಡಿಕೊಳ್ಳಿ, ಹಿಮ್ಮಡಿ ಎತ್ತಿ ಬಿಡುವಾಗ ಜಾರುತ್ತದೆ. ಗಾಳಿ ನೇರವಾಗಿ ಬೆನ್ನಿಗೆ ಬೀಸುವ ಕಡೆ ನಿಲ್ಲುವುದು ಬೇಡ. ಮುಗಿಸಿದ ಮೇಲೆ ಅರ್ಧ ಗಂಟೆ ತಣ್ಣೀರು ಮುಟ್ಟಬೇಡಿ ಎಂದು ನನ್ನ ಗುರುಗಳು ಹೇಳುತ್ತಿದ್ದರು, ನಾನು ಇಂದಿಗೂ ಹಾಗೆಯೇ ನಡೆದುಕೊಳ್ಳುತ್ತಿದ್ದೇನೆ.